ನಲವತ್ತೇಳನೇ ಆಡಿನ ಮೊಣಕಾಲು

ಜೇವರ್ಗಿ

ನಾನು ದನದ ಡಾಕ್ಟರು. ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಹದಿನಾಲ್ಕು ವರ್ಷದಿಂದ ಎಮ್ಮೆ, ಎತ್ತು, ಕುರಿ, ಆಡುಗಳ ಹಿಂದೆ ತಿರುಗುತ್ತಿದ್ದೇನೆ. ಇಂಥ ಕೆಲಸದವನಿಗೆ ಪರದೇಶದ ಪ್ರಯಾಣ ಒದಗುವುದು ಅಪರೂಪ. ನನಗೆ ಒದಗಿದ್ದಕ್ಕೆ ಅಕ್ಕನ ಮೊಣಕಾಲೇ ಕಾರಣ ಎನ್ನಬೇಕು.

ಅಕ್ಕ ನೀಲಮ್ಮ ನೆಲೋಗಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಎರಡು ವರ್ಷದ ಹಿಂದೆ ಭಾಗ್ಯವಂತಿ ದೇವಿಯ ದರ್ಶನಕ್ಕೆಂದು ಘತ್ತರಗಿಗೆ ಹೊರಟಾಗ ಮೋಟಾರ್ ಸೈಕಲ್ಲಿನಿಂದ ಬಿದ್ದಳು. ಗಾಡಿ ನಡೆಸುತ್ತಿದ್ದವನು ನಾನು. ನನಗೆ ಅಂಗೈ ತರಚಿತು, ಅಷ್ಟೆ. ಸೋಲಾಪುರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಅವಳ ಎಲುಬು ಮುರಿದಿಲ್ಲವೆಂದು ತಿಳಿಯಿತು. ಆದರೆ ಮೊಣಕಾಲಿನೊಳಗೆ ಎಲುಬಿನ ತುದಿಯನ್ನು ಹೊದ್ದುಕೊಂಡಿರುವ ನುಣುಪು ಪದರ, ಮೃದ್ವಸ್ಥಿ, ಎಂಟಾಣೆ ಬಿಲ್ಲೆಯಷ್ಟು ಅಗಲ ಕಿತ್ತುಹೋಗಿತ್ತು. ಚರ್ಮ ಹರಿದರೆ ಕೂಡುತ್ತದೆ, ಎಲುಬು ಮುರಿದರೂ ಕೂಡುತ್ತದೆ. ಈ ಪದರಕ್ಕೆ ಮಾತ್ರ ರಕ್ತದ ಹರಿವಿಲ್ಲ, ಹಾಗಾಗಿ ತಾನಾಗಿ ಕೂಡಿಕೊಳ್ಳುವ ಶಕ್ತಿಯೂ ಇಲ್ಲ. ಅಕ್ಕನಿಗೆ ಆಗ ನಲವತ್ತಾರು. ಇಡೀ ಕೀಲು ಬದಲಿಸುವ ವಯಸ್ಸಲ್ಲ ಎಂದು ಡಾಕ್ಟರರು ಮಾತ್ರೆ ಬರೆದುಕೊಟ್ಟರು. ಅಂದಿನಿಂದ ಅಂಗನವಾಡಿ ಮಕ್ಕಳು ನೆಲದಲ್ಲಿ ಕೂತಿರುತ್ತಾರೆ, ಅವಳು ಕುರ್ಚಿಯಲ್ಲಿ. ಅದು ಅವಳಿಗೆ ನೋವಿಗಿಂತ ದೊಡ್ಡ ಸಂಕಟ.

ಬೀದರಿನಲ್ಲಿ ನನಗೆ ಶಸ್ತ್ರಚಿಕಿತ್ಸೆ ಕಲಿಸಿದ ಗುರುಗಳಿಗೆ ಈ ವಿಷಯ ಗೊತ್ತಿತ್ತು. ನೆದರ್ಲೆಂಡ್ಸಿನ ಒಂದು ಪ್ರಯೋಗಾಲಯದಲ್ಲಿ ಕೀಲಿನೊಳಗಿನ ಕುಳಿಯನ್ನು ಸೂಜಿಯಿಂದಲೇ ತುಂಬುವ ಜೆಲ್ ತಯಾರಿಸಿ ಆಡುಗಳ ಮೇಲೆ ಪರೀಕ್ಷಿಸುತ್ತಿದ್ದಾರೆ, ಹತ್ತು ವಾರದ ಮಟ್ಟಿಗೆ ಆಡುಗಳನ್ನು ಬಲ್ಲ ವೈದ್ಯನೊಬ್ಬ ಬೇಕಂತೆ, ಹೋಗುತ್ತೀಯಾ ಎಂದು ಕೇಳಿದರು. ರಜೆಗೂ ಪರವಾನಗಿಗೂ ಓಡಾಡಿ ಕಡೆಗೆ ಹೊರಟೆ.

ಅಕ್ಕ ಮಾತ್ರ ನಾನು ಔಷಧ ತರಲಿಕ್ಕೆ ಹೋಗುತ್ತಿದ್ದೇನೆಂದೇ ತಿಳಿದಳು. ಇನ್ನೂ ಪರೀಕ್ಷೆ ನಡೆದಿದೆ, ಮನುಷ್ಯರಿಗೆ ಬರಲು ವರ್ಷಗಳೇ ಬೇಕು ಎಂದು ಮೂರು ಸಲ ಹೇಳಿದೆ. ಹೊರಡುವ ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಗಂಟು ಕೈಗಿಟ್ಟು ಅಂದಳು:

"ಬರೂಮುಂದ ಆ ಸೂಜಿ ತಗೊಂಡೇ ಬಾ ತಮ್ಮಾ. ಮರೀಬ್ಯಾಡ."

ನಾಲ್ಕನೇ ಸಲ ತಿದ್ದಲು ನನಗೆ ಬಾಯಿ ಬರಲಿಲ್ಲ.

ಪರದೆ ಎಳೆಯದ ಊರು

ಜನವರಿಯ ಎರಡನೇ ವಾರ ಇಳಿದೆ. ನಮ್ಮಲ್ಲಿ ಆಗ ಬಿಳಿಜೋಳ ತೆನೆ ಕಟ್ಟುವ ಕಾಲ. ಅಲ್ಲಿ ಆಕಾಶ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣದ್ದು, ಕೈಗೆಟುಕುವಷ್ಟು ಕೆಳಗೆ. ಮಳೆ ಜೋರಾಗಿ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಬಂದ ಮೊದಲ ದಿನವೇ ರಸ್ತೆಯ ಪಕ್ಕದ ಕೆಂಪು ಹಾದಿ ನಡೆಯುವವರಿಗೆಂದು ಭಾವಿಸಿ ಪೆಟ್ಟಿಗೆ ಎಳೆದುಕೊಂಡು ಹೊರಟಿದ್ದೆ. ಅದು ಸೈಕಲ್ಲಿನ ಹಾದಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಗಂಟೆ ಬಾರಿಸುತ್ತಾ ಬಂದು, ನನ್ನ ಪೆಟ್ಟಿಗೆಗೆ ತಾಗಿ, ಬೀಳದೆ ಒಂದು ಕಾಲೂರಿ ನಿಂತಳು. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಭುಜ ಹಿಡಿದು ಒಂದು ಮಾರು ಪಕ್ಕಕ್ಕೆ ಸರಿಸಿ ನಿಲ್ಲಿಸಿ, ತನ್ನ ದಾರಿ ಹಿಡಿದು ಹೋದಳು. ಆ ವಯಸ್ಸಿನಲ್ಲಿ ಆ ಮೊಣಕಾಲು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ನೋಡಿದೆ.

ನನಗೆ ಸಿಕ್ಕಿದ್ದು ಮೂರನೇ ಅಂತಸ್ತಿನ ಅಟ್ಟದ ಕೋಣೆ. ಅಲ್ಲಿಯ ಮನೆಗಳ ಮೆಟ್ಟಿಲು ಮೆಟ್ಟಿಲಲ್ಲ, ಏಣಿ. ಕೈಯಲ್ಲಿ ಸಾಮಾನಿದ್ದರೆ ಹಲ್ಲಿನಲ್ಲಿ ಬೀಗದಕೈ ಕಚ್ಚಿಕೊಂಡು ಹತ್ತಬೇಕು. ಗಂಟು ಬಿಚ್ಚಿ ನೋಡಿದರೆ ಅಕ್ಕನ ರೊಟ್ಟಿಗಳು ಬಹಳಷ್ಟು ಪುಡಿಯಾಗಿದ್ದವು. ಉಳಿದ ನಾಲ್ಕಾರು ಚೂರು ಎತ್ತಿಟ್ಟು, ಪುಡಿಗೆ ಹಿಂಡಿ ಕಲಸಿ ಚಮಚದಲ್ಲಿ ತಿಂದೆ.

ಆ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಸಂಜೆ ಐದಕ್ಕೇ ಕತ್ತಲಾದಾಗ ಬೀದಿಯಲ್ಲಿ ನಡೆದರೆ ಎರಡೂ ಕಡೆ ಮನೆಗಳು ಬೆಳಕಿನ ಪೆಟ್ಟಿಗೆಗಳಂತೆ ತೆರೆದಿರುತ್ತವೆ. ಒಂದರಲ್ಲಿ ಊಟದ ಮೇಜು, ಒಂದರಲ್ಲಿ ಹೆಣೆಯುತ್ತಿರುವ ಹೆಂಗಸು, ಒಂದರಲ್ಲಿ ಬೆಕ್ಕು. ಎಲ್ಲವನ್ನೂ ನೋಡಬಹುದು, ಆದರೆ ನಿಂತು ನೋಡುವಂತಿಲ್ಲ. ನಮ್ಮ ಜೇವರ್ಗಿಯಲ್ಲಿ ಬಾಗಿಲು ತೆರೆದಿದ್ದರೆ ಒಳಗೆ ಬನ್ನಿ ಎಂದರ್ಥ. "ಬರ್ರಿ ಡಾಕ್ಟರ್ ಸಾಹೇಬ್ರ, ಚಾ ಕುಡದು ಹೋಗ್ರಿ" ಎಂದು ಕೂಗದ ಹೊಸ್ತಿಲಿಲ್ಲ. ಬೇಸರ ಬಂದು ಎಷ್ಟೋ ಸಲ ಬೇರೆ ಓಣಿಯಿಂದ ಹೋದದ್ದಿದೆ. ಇಲ್ಲಿ ಹತ್ತು ವಾರದಲ್ಲಿ ಆ ಬೀದಿಯ ಅಷ್ಟೂ ಮನೆಗಳ ಗೋಡೆಯ ಚಿತ್ರಗಳು ನನಗೆ ಬಾಯಿಪಾಠವಾದವು. ಒಬ್ಬರ ಹೆಸರೂ ಗೊತ್ತಾಗಲಿಲ್ಲ.

ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೇಳಿದ್ದಕ್ಕೆಲ್ಲ ನಗುತ್ತಲೇ ಉತ್ತರ ಕೊಟ್ಟರು. ಆದರೆ ಮಾತಾಡಲಿಕ್ಕೂ ದಿನ ಗೊತ್ತುಮಾಡುತ್ತಾರೆ. ಕಾಫಿ ಜೊತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಮತ್ತೆ ಮುಚ್ಚುತ್ತಾರೆ. ನನಗೇನೂ ಹಸಿವೆಯಿರಲಿಲ್ಲ, ಎರಡನೆಯದನ್ನು ಯಾರಾದರೂ ತಿನ್ನೆಂದು ಒತ್ತಾಯಿಸಲಿ ಎಂಬುದಷ್ಟೇ ಆಸೆಯಾಗಿತ್ತು.

ಕಲಿಕೆ

ಪ್ರಯೋಗಾಲಯದಲ್ಲಿ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವಳು ಮಾರಿಟ್ ಎಂಬ ಸಂಶೋಧಕಿ. ಮೂವತ್ತರ ಆಸುಪಾಸು, ಎತ್ತರದ ನಿಲುವು, ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ನಾಲ್ಕು ವರ್ಷದ ಅವಳ ದುಡಿಮೆಯೆಲ್ಲ ಈ ಜೆಲ್ ಮೇಲೆ ನಿಂತಿತ್ತು.

ಮೊದಲ ದಿನ ಅವಳು ಜೋಡಿ ಕೊಳವೆಯ ಸಿರಿಂಜು ತೋರಿಸಿದಳು. ಎರಡೂ ಕೊಳವೆಗಳಲ್ಲಿ ನೀರಿನಂಥ ಬೇರೆ ಬೇರೆ ದ್ರವ. ಒತ್ತಿದರೆ ಸೂಜಿಯ ತುದಿಯಲ್ಲಿ ಎರಡೂ ಬೆರೆಯುತ್ತವೆ. ಗಾಜಿನ ಬಟ್ಟಲನ್ನು ಮೈಬಿಸಿಯಷ್ಟು ಕಾಯಿಸಿ ಅದಕ್ಕೆ ಒತ್ತಿದಳು. ನಾನು ನೋಡುತ್ತಿದ್ದಂತೆಯೇ ದ್ರವ ಗಟ್ಟಿಯಾಗಿ, ಬಟ್ಟಲು ಅಲುಗಿಸಿದರೆ ಗಿಣ್ಣದ ಹಾಗೆ ನಡುಗಿತು. ಕೀಲಿನ ಕುಳಿ ಯಾವ ಆಕಾರದಲ್ಲಿದ್ದರೂ ದ್ರವ ಅದನ್ನು ತುಂಬಿ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಸುತ್ತಲಿನ ಜೀವಕೋಶಗಳು ಮೆಲ್ಲಗೆ ಅದರೊಳಗೆ ಬಂದು ನೆಲೆಸಿ ಹೊಸ ಪದರ ಕಟ್ಟಬೇಕು. ಅವು ಕಟ್ಟುತ್ತ ಹೋದಂತೆ ಜೆಲ್ ಕರಗಿ ಹೋಗಬೇಕು. ಕಾಲು ಕೊಯ್ದು ತೆರೆಯುವ ಅಗತ್ಯವಿಲ್ಲ, ಸೂಜಿ ಹೋಗುವಷ್ಟು ತೂತು ಸಾಕು. ಹೀಗೆ ಆಗುತ್ತದೆಯೇ ಎಂಬುದೇ ಪ್ರಶ್ನೆ.

ಸೂಜಿ ಹಾಕುವುದನ್ನು ಕಸಾಯಿಖಾನೆಯಿಂದ ತಂದ ಕಾಲುಗಳ ಮೇಲೆ ಕಲಿತೆ. ಅದರಲ್ಲಿ ನನಗೆ ಕಷ್ಟವಾಗಲಿಲ್ಲ. ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಆಡಿನ ಮುಂಗಾಲಿನ ನಡುವೆ ಮಡಚುವ ಜಾಗವನ್ನು ನಾವೆಲ್ಲ ಮೊಣಕಾಲು ಎನ್ನುತ್ತೇವೆ, ಅದು ನಿಜಕ್ಕೂ ಮಣಿಕಟ್ಟು. ನಮ್ಮ ಮೊಣಕಾಲಿಗೆ ಸಮನಾದ ಕೀಲು ಹಿಂಗಾಲಿನಲ್ಲಿ, ಹೊಟ್ಟೆಯ ಹತ್ತಿರ ಇರುತ್ತದೆ.

ಮಧ್ಯಾಹ್ನ ಎಲ್ಲರೂ ಬ್ರೆಡ್ಡಿನ ಮೇಲೆ ಚಾಕಲೇಟಿನ ಕಾಳು ಉದುರಿಸಿಕೊಂಡು ಹತ್ತು ನಿಮಿಷದಲ್ಲಿ ಊಟ ಮುಗಿಸುತ್ತಿದ್ದರು. ದೊಡ್ಡವರು, ಪ್ರೊಫೆಸರುಗಳು ಕೂಡ. ಅದೇ ಹೊತ್ತಿಗೆ ನಮ್ಮಲ್ಲಿ ಸಂಜೆ. ಅಕ್ಕ ಫೋನು ಮಾಡುತ್ತಿದ್ದಳು. ಊಟ ಏನು, ಚಳಿ ಎಷ್ಟು ಎಂದು ಕೇಳುವಳು. ಕಲಬುರಗಿಯ ಮನೆಯಿಂದ ಹೆಂಡತಿ, ಮಗಳೂ ಇವೇ ಪ್ರಶ್ನೆ ಕೇಳುತ್ತಿದ್ದರು. ಉತ್ತರಗಳು ನಾಲ್ಕನೇ ದಿನಕ್ಕೇ ಮುಗಿದುಹೋದವು. ನನಗಾಗುತ್ತಿದ್ದ ಬೇಸರವನ್ನು ಫೋನಿನಲ್ಲಿ ಹೇಳಿದರೆ ಅವರು ಅದನ್ನು ಹೊತ್ತು ತಿರುಗುತ್ತಾರೆ ಎಂದು ಎಲ್ಲಾ ಚಲೋ ಅದ ಎನ್ನುತ್ತಿದ್ದೆ.

ಆಡಿನ ಶೆಡ್ಡು

ಊರ ಹೊರಗಿನ ಶೆಡ್ಡಿನಲ್ಲಿ ಹನ್ನೆರಡು ಆಡುಗಳಿದ್ದವು. ಎಲ್ಲವೂ ಬಿಳಿ, ಎಲ್ಲವೂ ಹೆಣ್ಣು, ನಮ್ಮ ಆಡುಗಳ ಎರಡರಷ್ಟು ದೊಡ್ಡವು. ನಾಲ್ಕು ತಿಂಗಳ ಹಿಂದೆ ಅವುಗಳಿಗೆ ಮತ್ತು ಬರಿಸಿ, ಒಂದು ಹಿಂಗಾಲಿನ ಕೀಲಿನಲ್ಲಿ ಸಣ್ಣ ಕುಳಿ ಮಾಡಿ, ಆರಕ್ಕೆ ಜೆಲ್ ತುಂಬಿದ್ದರು, ಆರನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟಿದ್ದರು. ಯಾವುದಕ್ಕೆ ತುಂಬಿದೆ, ಯಾವುದಕ್ಕಿಲ್ಲ ಎಂದು ನನಗೆ ಹೇಳಿರಲಿಲ್ಲ. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ದಿನವೂ ಅವು ನಡೆಯುವುದನ್ನು ನೋಡಿ ಯಾವುದು ಎಷ್ಟು ಕುಂಟುತ್ತದೆಂದು ಬರೆಯುವುದು ನನ್ನ ಕೆಲಸ.

ಶೆಡ್ಡು ನೋಡಿಕೊಳ್ಳುತ್ತಿದ್ದವನು ಹೆಂಕ್ ಎಂಬ ಅರವತ್ತರ ಆಳು. ಅವನಿಗೆ ಇಂಗ್ಲಿಷ್ ಬಾರದು, ನನಗೆ ಅವನ ಭಾಷೆ ಬಾರದು. ಆಡುಗಳ ಕಿವಿಯ ಹಳದಿ ಬಿಲ್ಲೆಯ ಸಂಖ್ಯೆಯಷ್ಟೇ ನಮ್ಮಿಬ್ಬರ ಮಾತು. ಆಡುಗಳಿಗೆ ಹೆಸರಿಡುವ ಪದ್ಧತಿ ಅಲ್ಲಿರಲಿಲ್ಲ. ಯಾಕೆಂದು ಕೇಳುವ ಅಗತ್ಯವೂ ನನಗಿರಲಿಲ್ಲ.

ನಲವತ್ತೇಳನೇ ಆಡು ಎರಡನೇ ವಾರದ ಕೊನೆಗೆ ನನ್ನ ಕೋಟಿನ ಜೇಬಿಗೆ ಮೂತಿ ಹಾಕಿತು. ಹೋಗು ಎಂದು ದೂಡುವಾಗ ಬಾಯಿಂದ ಬಂದದ್ದು, "ಏನ್ ಬೇ, ಏನ್ ಬೇಕಾಗ್ಯಾದ ನಿನಗ?" ಆ ಊರಿಗೆ ಬಂದು ಹದಿನೈದು ದಿನಕ್ಕೆ, ಎದುರಿಗಿದ್ದ ಜೀವವೊಂದಕ್ಕೆ ನಾನಾಡಿದ ಮೊದಲ ಕನ್ನಡ ಅದು. ಆಡು ಕಿವಿ ನಿಮಿರಿಸಿ ನಿಂತಿತು. ಅಂದಿನಿಂದ ನಾನು ಶೆಡ್ಡಿಗೆ ಕಾಲಿಟ್ಟ ಕೂಡಲೇ ಉಳಿದವನ್ನು ತಳ್ಳಿಕೊಂಡು ಬರುತ್ತಿತ್ತು. ಅದಕ್ಕೆ ದಿನದ ಸುದ್ದಿ ಹೇಳುತ್ತಿದ್ದೆ. ಸೈಕಲ್ಲಿನ ಅಜ್ಜಿಯದು, ಪರದೆಯಿಲ್ಲದ ಮನೆಗಳದು, ಅಕ್ಕ ಬಿದ್ದ ದಿನದ್ದು ಕೂಡ. ತಿರುವಿನಲ್ಲಿ ನಾನು ವೇಗ ಕಡಿಮೆ ಮಾಡಲಿಲ್ಲ, ಅಕ್ಕ ಮೆಲ್ಲಗೆ ಎಂದದ್ದು ನನಗೆ ಕೇಳಿಸಿತ್ತು ಎಂಬುದನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ.

ಒಂದು ದಿನ ಜೇಬಿನಲ್ಲಿದ್ದ ರೊಟ್ಟಿಯ ಚೂರನ್ನು ಅದಕ್ಕೆ ತಿನ್ನಿಸಿದೆ. ಹೆಂಕ್ ನೋಡಿದ, ಮಾರಿಟ್‌ಗೆ ತಿಳಿಸಿದ. ಪರೀಕ್ಷೆಯ ಆಡುಗಳಿಗೆ ಗೊತ್ತುಪಡಿಸಿದ ಮೇವಲ್ಲದೆ ಬೇರೆ ಹಾಕುವಂತಿಲ್ಲ. ಏನು ತಿನ್ನಿಸಿದೆ, ಎಷ್ಟು, ಯಾಕೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕಾಯಿತು. ಜೋಳದ ಒಣ ರೊಟ್ಟಿ, ಅಂಗೈಯಷ್ಟು ಎಂದು ಬರೆದೆ. ಯಾಕೆ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ತಪ್ಪಾಯಿತು ಎಂದು ಬರೆದೆ. ಮಾರಿಟ್ ಓದಿ ಕಡತಕ್ಕೆ ಸೇರಿಸಿದಳು.

ಮಾರನೆಯ ವಾರ ಹೆಂಕ್ ಮಾರಿಟ್ ಮೂಲಕ ಹೇಳಿಸಿ ನನ್ನನ್ನು ಹೆಂಡತಿಯ ಹುಟ್ಟುಹಬ್ಬಕ್ಕೆ ಕರೆದ. ಕೋಣೆಯ ಸುತ್ತ ಗುಂಡಾಗಿ ಕುರ್ಚಿ ಹಾಕಿ ಕೂತಿದ್ದ ನೆಂಟರೆಲ್ಲ ನನಗೇ ಕೈಕುಲುಕಿ ಅಭಿನಂದನೆ ಹೇಳಿದರು. ಹುಟ್ಟಿದವಳು ಅವಳು, ನನಗೇಕೆ ಎಂದು ಗಾಬರಿಯಾದೆ. ಆಮೇಲೆ ತಿಳಿಯಿತು, ಒಬ್ಬರ ಹುಟ್ಟುಹಬ್ಬಕ್ಕೆ ಬಂದವರೆಲ್ಲರನ್ನೂ ಅಭಿನಂದಿಸುವುದು ಅಲ್ಲಿಯ ಪದ್ಧತಿ. ಹೆಂಕನ ಹೆಂಡತಿ ಎರಡನೇ ತುಂಡು ಕೇಕನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕಿದಳು. ಅದನ್ನು ನಾನು ಬೇಗನೆ ಮುಗಿಸಲಿಲ್ಲ.

ಕುಂಟು

ಐದನೇ ವಾರ ನಲವತ್ತೇಳು ಕುಂಟತೊಡಗಿತು. ಕುಳಿ ಮಾಡಿದ್ದ ಹಿಂಗಾಲೇ ಅದು. ಮೊದಲ ದಿನ ಸ್ವಲ್ಪ, ಮೂರನೇ ದಿನ ಕಾಲು ಊರಲೇ ಇಲ್ಲ. ಕಂಡದ್ದನ್ನು ಕಂಡಂತೆ ಬರೆದೆ. ಮಾರಿಟ್ ಬಂದು ನೋಡಿ, ನಿಯಮ ಹೇಳಿದಳು: ಕೀಲಿನ ತೊಂದರೆಯಿಂದ ಹೀಗೆ ಕುಂಟುವ ಪ್ರಾಣಿಯನ್ನು ನರಳಲು ಬಿಡುವಂತಿಲ್ಲ, ಪರೀಕ್ಷೆಯಿಂದ ತೆಗೆದು ಅಂದೇ ಕೊನೆಗಾಣಿಸಬೇಕು. ಅದರ ಅಪ್ಪಣೆಯ ಹಾಳೆ ಅವಳ ಕೈಯಲ್ಲೇ ಇತ್ತು.

ನಾನು ಒಂದು ಸಲ ನೋಡುತ್ತೇನೆ ಎಂದು ಕೇಳಿಕೊಂಡೆ. ಕೀಲು ಒತ್ತಿದೆ, ಮಡಚಿದೆ, ಚಾಚಿದೆ. ಆಡು ಸುಮ್ಮನೆ ನಿಂತಿತ್ತು. ಬಾವಿಲ್ಲ, ಬಿಸಿಯಿಲ್ಲ. ಕಾಲೆತ್ತಿ ಗೊರಸಿನ ಸಂದಿಗೆ ಮೂಗು ಹಿಡಿದೆ. ನನಗೆ ಚೆನ್ನಾಗಿ ಪರಿಚಯವಿದ್ದ ವಾಸನೆ. ಮಳೆಗಾಲದಲ್ಲಿ ಭೀಮಾ ದಂಡೆಯ ಎರೆಮಣ್ಣಿನಲ್ಲಿ ನಿಂತ ಕುರಿಹಿಂಡಿಗೆ ಹೋದರೆ ಹತ್ತು ಮಾರು ದೂರದಿಂದಲೇ ಬರುವ ವಾಸನೆ. ಗೊರಸು ಒತ್ತಿದಾಗ ಆಡು ಚೀರಿತು. ಅಂಚನ್ನು ಕೆತ್ತಿದರೆ ಒಳಗಿನಿಂದ ಕೀವು ಹರಿಯಿತು. ಶೆಡ್ಡಿನಲ್ಲಿ ಹಾಸಿದ ಒದ್ದೆ ಹುಲ್ಲಿನ ಮೇಲೆ ನಿಂತು ನಿಂತು ಗೊರಸು ಕೊಳೆತಿತ್ತು, ಅಷ್ಟೆ.

ಮಾರಿಟ್ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಳು. "ನೀವು ನನ್ನ ಒಂದು ವರ್ಷದ ದುಡಿಮೆ ಉಳಿಸಿದಿರಿ" ಎಂದಳು. ಅವಳು ನನ್ನೊಂದಿಗೆ ಆಡಿದ ಮೊದಲ ಬೆಚ್ಚನೆಯ ಮಾತು. ನಾಲ್ಕು ದಿನಕ್ಕೆ ಆಡು ಓಡಾಡಿತು. ಅಂದು ನಾನು ಊರಿಗೆ ಫೋನು ಮಾಡಿ ಉದ್ದಕ್ಕೆ ಮಾತಾಡಿದೆ. ಹೀಗೆ ಗೆದ್ದೆನೆಂದು ಅಕ್ಕನಿಗೂ ಹೇಳಿದೆ. ಅದನ್ನು ಉಳಿಸಿದ್ದು ಎಲ್ಲಿಯವರೆಗೆ ಎಂಬುದನ್ನು ಹೇಳಲಿಲ್ಲ.

ಮಾರ್ಚಿನ ಒಂದು ಬುಧವಾರ

ಕುಳಿ ತುಂಬಿತೋ ಇಲ್ಲವೋ ಎಂದು ಸ್ಕ್ಯಾನ್ ಅಷ್ಟಿಷ್ಟು ಹೇಳುತ್ತದೆ. ಹೊಸ ಪದರ ಎಷ್ಟು ಗಟ್ಟಿ, ಅಂಚಿಗೆ ಹೊಂದಿಕೊಂಡಿದೆಯೇ ಎಂಬುದನ್ನು ಕೀಲು ಬಿಚ್ಚಿಯೇ ನೋಡಬೇಕು. ಅದಕ್ಕಾಗಿ ಹನ್ನೆರಡನ್ನೂ ಆ ಬುಧವಾರ ಕೊನೆಗಾಣಿಸುವುದೆಂದು ನಾನು ಬರುವ ಮುಂಚೆಯೇ ನಿಗದಿಯಾಗಿತ್ತು. ನಾನು ಹೊರಡುವುದು ಶುಕ್ರವಾರ.

ಸೋಮವಾರ ಮಾರಿಟ್‌ಳನ್ನು ಕೇಳಿದೆ, ಹನ್ನೆರಡರಲ್ಲಿ ಒಂದನ್ನು ಬಿಟ್ಟರೆ ಆಗುವುದಿಲ್ಲವೇ ಎಂದು. ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು. ಅವಳು ಸಿಡುಕಲಿಲ್ಲ. ಒಂದು ಬಿಟ್ಟರೆ ಉಳಿದ ಹನ್ನೊಂದರ ಲೆಕ್ಕ ದುರ್ಬಲವಾಗುತ್ತದೆ, ಮುಂದೆ ಇನ್ನಷ್ಟು ಆಡುಗಳು ಬೇಕಾಗುತ್ತವೆ ಎಂದಳು. ಆಮೇಲೆ, ನೀವು ಅತಿಥಿ, ಬುಧವಾರ ಬರಲೇಬೇಕೆಂದಿಲ್ಲ ಎಂದಳು.

ನಮ್ಮ ಮನೆತನದಲ್ಲಿ ಪ್ರಾಣಿ ಕೊಲ್ಲುವ ಮಾತು ಊಟದ ಹೊತ್ತಿಗೆ ಬಾಯಲ್ಲಿ ತರುವುದಿಲ್ಲ. ಆದರೂ ವೈದ್ಯನಾಗಿ, ಬದುಕಲಾರದ ಎಷ್ಟೋ ಪ್ರಾಣಿಗಳಿಗೆ ಕೊನೆಯ ಸೂಜಿ ಹಾಕಿದ್ದೇನೆ. ಅವೆಲ್ಲ ನರಳುತ್ತಿದ್ದವು. ಇದು ಚೆನ್ನಾಗಿ ನಡೆದಾಡುತ್ತಿತ್ತು. ಎರಡು ದಿನ ಅಟ್ಟದಲ್ಲಿ ಕೂತು ಯೋಚಿಸಿ ಹೋಗುವುದೆಂದೇ ನಿಶ್ಚಯಿಸಿದೆ. ನಾನು ಹೋಗದಿದ್ದರೆ ಅದರ ಕಿವಿಯಲ್ಲಿ ಕೊನೆಗೆ ಬೀಳುವುದು ಅಪರಿಚಿತ ದನಿ.

ಉಳಿದವನ್ನು ಹೆಂಕ್ ಹಗ್ಗ ಹಿಡಿದು ಕರೆತಂದ. ನಲವತ್ತೇಳರ ಸರದಿ ಬಂದಾಗ ಅವನು ಹಗ್ಗ ತೆಗೆದುಕೊಳ್ಳಲಿಲ್ಲ, ನನ್ನ ಮುಖ ನೋಡಿದ. ನಾನು ಬಾಗಿಲಲ್ಲಿ ನಿಂತು ಕರೆದೆ. ಅದು ಶೆಡ್ಡಿನ ಓಣಿಯುದ್ದಕ್ಕೂ ತಾನೇ ನಡೆದು ಬಂತು. ಎಲ್ಲೂ ಕುಂಟಲಿಲ್ಲ. ಕೊನೆಯ ಸೂಜಿಯನ್ನು ಬೇರೆಯವರು ಹಾಕಿದರು; ನಾನು ಅದರ ತಲೆ ಹಿಡಿದು ಕೂತೆ. ಕಣ್ಣು ಮಂಜಾಗುವವರೆಗೂ ಅದರೊಂದಿಗೆ ಮಾತಾಡಿದೆ. ಏನು ಮಾತಾಡಿದೆನೆಂದು ಮಾರಿಟ್ ಆಮೇಲೆ ಕೇಳಿದಳು. ಭೀಮಾ ಹೊಳೆಯ ನೀರಿನ ಸುದ್ದಿ, ಊರಿನ ಸುದ್ದಿ ಎಂದೆ. ನಿಜವೂ ಅದೇ. ದೊಡ್ಡ ಮಾತು ಒಂದೂ ಬಂದಿರಲಿಲ್ಲ.

ಮಧ್ಯಾಹ್ನ ಕೀಲು ಬಿಚ್ಚಿದರು. ಜೆಲ್ ಇಲ್ಲದ ಆಡುಗಳ ಕುಳಿ ತಳದಲ್ಲಿ ನಾರುನಾರಾಗಿ, ಕುಳಿಯಾಗಿಯೇ ಉಳಿದಿತ್ತು. ಜೆಲ್ ತುಂಬಿದ್ದ ಆರರಲ್ಲಿ ಎರಡರಲ್ಲಿ ಅದು ಕಿತ್ತುಬಂದು ಚೂರಾಗಿತ್ತು. ನಲವತ್ತೇಳರ ಕೀಲನ್ನು ದೀಪದ ಕೆಳಗೆ ಹಿಡಿದಾಗ ಮಾರಿಟ್ ಪಟ್ಟಿ ನೋಡಿ, ಇದಕ್ಕೆ ತುಂಬಿತ್ತು ಎಂದಳು. ಕುಳಿಯ ಮುಕ್ಕಾಲು ಭಾಗ ಹೊಸ ಪದರ ಬೆಳೆದಿತ್ತು, ಬಿಳಿ, ನುಣುಪು. ಒಂದು ಅಂಚಿನಲ್ಲಿ ಮಾತ್ರ ಕೂದಲೆಳೆಯ ಬಿರುಕು. ಸಲಾಕೆಯಿಂದ ಒತ್ತಿದರೆ ಹಳೆಯದಕ್ಕಿಂತ ಸ್ವಲ್ಪ ಮೆತ್ತಗಿತ್ತು. ಎಲ್ಲರೂ ಬಗ್ಗಿ ನೋಡಿದರು. ಮಾರಿಟ್ ಕೈಗವಸು ತೆಗೆದು ಹೊರಗೆ ಹೋಗಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಬ್ಬಳೇ ಸ್ವಲ್ಪ ಹೊತ್ತು ನಿಂತಿದ್ದಳು. ಕಿಟಕಿಯಿಂದ ಕಂಡೆ. ಸಂತೋಷವೋ ದುಃಖವೋ ಗೊತ್ತಾಗಲಿಲ್ಲ, ನನಗೂ ನನ್ನದು ಗೊತ್ತಿರಲಿಲ್ಲ.

ಮರಳಿ

ಹೈದರಾಬಾದಿನಲ್ಲಿ ವಿಮಾನ ಇಳಿದು, ಕಲಬುರಗಿಯ ಮನೆಯಲ್ಲಿ ಎರಡು ದಿನ ಇದ್ದು ಜೇವರ್ಗಿಗೆ ಬಂದೆ. ಅಕ್ಕ ನೆಲೋಗಿಯಿಂದ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕಾಲು ಚಾಚಿ ಕಾಯುತ್ತಿದ್ದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈಚೀಲ.

"ತಂದಿಲ್ಲಕ್ಕಾ" ಎಂದೆ. "ಇನ್ನೂ ಆಗಿಲ್ಲ ಅದು. ಆರಕ್ಕ ಹಾಕಿದ್ರು, ಎರಡರಾಗ ಕಿತ್ತು ಬಂದದ. ನಿನಗ ಬರೋದು ಯಾವಾಗೋ, ಬರ್ತದೋ ಇಲ್ಲೋ, ನಾ ಹೇಳಲಾರೆ."

ಅವಳು ತಲೆಯಾಡಿಸಿದಳು. ಅಲ್ಲಿಯೇ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನಲವತ್ತೇಳನೇ ಆಡನ್ನು, ಗೊರಸನ್ನು, ಬುಧವಾರವನ್ನು. ಬಸ್ಸುಗಳು ಬಂದು ಹೋದವು. ಘತ್ತರಗಿ ರಸ್ತೆಯ ತಿರುವನ್ನೂ ಹೇಳಿದೆ: ನೀನು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತ್ತು ಎಂದೆ. ಅದಕ್ಕೆ ಅವಳು, ಕೇಳಿಸಿರ್ತದ ಅಂತ ನನಗ ಗೊತ್ತಿತ್ತು ಎಂದಷ್ಟೇ ಅಂದು, ಕೇಳಿದ್ದು ಆಡಿನ ಬಗ್ಗೆ.

"ನೀ ಕರದಾಗ ಬಂತು ಅಂದ್ಯಲ್ಲ, ಕುಂಟಲಿಲ್ಲಾ?"

"ಇಲ್ಲಕ್ಕಾ."

ಅವಳು ತನ್ನ ಮೊಣಕಾಲಿನ ಮೇಲೆ ಅಂಗೈ ಇಟ್ಟುಕೊಂಡಳು. ನೆಲೋಗಿ ಬಸ್ಸು ಬಂದು ನಿಂತಿತು.

"ನಾ ಇರೂತನಾ ಬಂತಂದ್ರ ಹಾಕಿಸ್ಕೋತೇನಿ ತಮ್ಮಾ. ಹೆದರಂಗಿಲ್ಲ. ಯಾರೂ ಹಾಕಿಸ್ಕೊಳ್ಳಲಿಲ್ಲಂದ್ರ ಅದು ಸತ್ತದ್ದು ದಂಡ ಆಗ್ತದ."

ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಬಸ್ಸಿನ ಕಂಬಿ ಹಿಡಿದು, ಒಳ್ಳೆಯ ಕಾಲನ್ನು ಮೊದಲಿಟ್ಟು, ಇನ್ನೊಂದನ್ನು ಪಕ್ಕಕ್ಕೆ ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಕಂಡಕ್ಟರು ಗಡಿಬಿಡಿ ಮಾಡದೆ ಕಾದ. ಕಿಟಕಿಯ ಪಕ್ಕ ಕೂತ ಮೇಲೆ ಅವಳು ನನಗೂ ಜಾಗ ಬಿಟ್ಟು ಸರಿದಳು. ದನದ ಆಸ್ಪತ್ರೆಯ ಕೆಲಸಕ್ಕೆ ಹೋಗಬೇಕಾಗಿದ್ದ ನಾನು ಹತ್ತಿ ಅವಳ ಪಕ್ಕ ಕೂತೆ.